ಲಗ್ನಪತ್ರಿಕೆಯ ಕಾಗದ

ಮದುವೆ ನಿಂತುಹೋಯಿತೆಂದು ಎಲ್ಲರಿಗೂ ಗೊತ್ತಾದ ಮೇಲೂ ಲಗ್ನಪತ್ರಿಕೆಯ ಕಟ್ಟುಗಳು ಪ್ರಿಯದರ್ಶಿನಿಯ ಮನೆಯ ಹಾಲಿನಲ್ಲೇ ಬಿದ್ದಿದ್ದವು. ಹೊಸಮನೆ ಬಡಾವಣೆಯ ಆ ಮನೆಗೆ ಯಾರು ಬಂದರೂ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಅವೇ. ತಾಯಿ ಅವುಗಳ ಮೇಲೆ ಹಳೇ ಜಮಖಾನ ಹೊದಿಸಿದರು. ಹೊದಿಸಿದ ಮೇಲೆ ಇನ್ನಷ್ಟು ಎದ್ದು ಕಾಣತೊಡಗಿದವು.

ನಡೆದದ್ದಿಷ್ಟು. ಮದುವೆಗೆ ತಿಂಗಳೂ ಉಳಿದಿಲ್ಲದಾಗ ಹುಡುಗ ವಿಜಯೇಂದ್ರ ಫೋನ್ ಮಾಡಿದ. ತನಗೆ ಈ ಮದುವೆ ಇಷ್ಟವಿಲ್ಲ, ಅಪ್ಪನ ಒತ್ತಾಯಕ್ಕೆ ಹೂಂ ಅಂದಿದ್ದೆ, ನೀವೇ ಏನಾದರೂ ಕಾರಣ ಹೇಳಿ ಬೇಡ ಅಂದುಬಿಡಿ ಎಂದ.

"ಬೇಡ ಅನ್ನೋರು ನೀವು. ನೀವೇ ಬಂದು ನಮ್ಮಪ್ಪಂಗೆ ಹೇಳಿ," ಎಂದು ಪ್ರಿಯದರ್ಶಿನಿ ಫೋನ್ ಇಟ್ಟಳು.

ಕೆಲವು ದಿನ ಒದ್ದಾಡಿ ಕೊನೆಗೂ ಬಂದ. ತಲೆ ತಗ್ಗಿಸಿಕೊಂಡು ಹೇಳಿ, ಕೊಟ್ಟ ಕಾಫಿ ಮುಟ್ಟದೆ ಎದ್ದುಹೋದ. ಆಮೇಲೆ ಎರಡೂ ಕಡೆಯ ಹಿರಿಯರು ಓಡಾಡಿ ಸರಿಮಾಡಲು ನೋಡಿದರು, ಆಗಲಿಲ್ಲ. ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ತಂದೆ ಪರಮೇಶ್ವರಪ್ಪ, ಪತ್ರಿಕೆ ಕೊಟ್ಟು ಬಂದಿದ್ದ ಮನೆಗಳಿಗೆಲ್ಲ ಮತ್ತೆ ತಾವೇ ಹೋಗಿ ಮದುವೆ ಇಲ್ಲ ಎಂದು ತಿಳಿಸಿ ಬಂದರು. ಫೋನಿನಲ್ಲೇ ಹೇಳಬಹುದಿತ್ತು. ಮನೆ ಬಾಗಿಲಿಗೆ ಹೋಗಿ ಕರೆದಿದ್ದೇನೆ, ಬಾಗಿಲಿಗೆ ಹೋಗಿಯೇ ಹೇಳಬೇಕು ಎಂಬುದು ಅವರ ಹಟ. ಪ್ರತಿ ಸಂಜೆ ಸ್ಕೂಟರ್ ನಿಲ್ಲಿಸಿ ಒಳಗೆ ಬಂದಾಗ ಅವರ ಮುಖ ನೋಡಲಾಗುತ್ತಿರಲಿಲ್ಲ.

ಮದುವೆಯಾಗಿ ಹುಬ್ಬಳ್ಳಿಗೆ ಹೋಗಬೇಕೆಂದು ಪ್ರಿಯದರ್ಶಿನಿ ಶಾಲೆಯ ಕೆಲಸ ಬಿಟ್ಟಿದ್ದಳು. ಮನೆಯಲ್ಲೇ ಕೂತವಳಿಗೆ ಆ ಕಟ್ಟುಗಳನ್ನು ನೋಡುವುದೇ ಕೆಲಸವಾಯಿತು. ಮೇಲೆ ದೇವರ ಚಿತ್ರವಿದ್ದುದರಿಂದ ಕಸದ ಗಾಡಿಗೆ ಹಾಕುವಂತಿಲ್ಲ. ಅರಿಶಿನ ಕುಂಕುಮ ಹಚ್ಚಿದ ಕಾಗದ ಸುಡಬಾರದು ಅಂದರು ತಾಯಿ. ತುಂಗೆಗೆ ಬಿಡೋಣ ಅಂದರು ತಂದೆ.

"ಬೇಡಪ್ಪ. ಕೋಟೆ ಹತ್ರ ಹೊಳೆಗೆ ಇಳಿದೋರ ಕಾಲಿಗೆಲ್ಲ ನನ್ನ ಹೆಸರು ಸಿಕ್ಕಿಹಾಕ್ಕೊಳ್ಳುತ್ತೆ," ಎಂದಳು ಮಗಳು. ಅವರು ಮತ್ತೆ ಆ ಮಾತೆತ್ತಲಿಲ್ಲ.

ಭದ್ರಾವತಿಯಲ್ಲಿ ಪರಮೇಶ್ವರಪ್ಪನವರ ಅಕ್ಕ ಕಲ್ಲಮ್ಮ ಇದ್ದರು. ಗಂಡ ಪೇಪರ್ ಮಿಲ್ಲಿನಲ್ಲಿದ್ದು ತೀರಿಕೊಂಡವರು. ಆಕೆಗೆ ಸುಮ್ಮನೆ ಕೂತು ಗೊತ್ತಿಲ್ಲ. ಮಕ್ಕಳ ಹಳೇ ಪರೀಕ್ಷೆ ಹಾಳೆ, ಪೇಪರು, ಔಷಧಿ ಡಬ್ಬಿ, ಹೀಗೆ ಬೀದಿಯವರು ಕೊಟ್ಟದ್ದನ್ನೆಲ್ಲ ನೆನೆಸಿ ರುಬ್ಬಿ, ಹಾಳೆ ಎತ್ತಿ, ಹೊಲಿದು ನೋಟ್‌ಬುಕ್ ಮಾಡುತ್ತಿದ್ದರು. ಸಂಗತಿ ಕೇಳಿ ಪ್ರಿಯದರ್ಶಿನಿಯನ್ನು ಫೋನಿನಲ್ಲೇ ಗದರಿದರು: "ತಗೊಂಡು ಬಾ ಮಾರಾಯ್ತಿ! ಇಟ್ಕೊಂಡು ಪೂಜೆ ಮಾಡ್ತೀಯಾ?"

ಅಪ್ಪ ಅಂಗಡಿಗೆ ಹೋದ ಹೊತ್ತು ನೋಡಿ, ತಾಯಿಗಷ್ಟೇ ಹೇಳಿ ಪ್ರಿಯದರ್ಶಿನಿ ಕಟ್ಟುಗಳನ್ನು ಆಟೋಗೆ ತುಂಬಿಸಿಕೊಂಡು ಹೊರಟಳು.

ಕಲ್ಲಮ್ಮನ ಹಿತ್ತಲಿನಲ್ಲಿ ಪ್ಲಾಸ್ಟಿಕ್ ಟಬ್ಬು, ಹಳೇ ಮಿಕ್ಸಿ, ಮರದ ಚೌಕಟ್ಟಿಗೆ ಕಿಟಕಿಯ ಸೊಳ್ಳೆಜಾಲರಿ ಬಡಿದ ಜರಡಿ. "ಮೊದಲು ಹರಿ. ಸಣ್ಣಗೆ," ಎಂದರು. ಪ್ರಿಯದರ್ಶಿನಿ ಒಂದು ಪತ್ರಿಕೆ ಕೈಗೆತ್ತಿಕೊಂಡಳು. ಅಕ್ಷರಕ್ಕೆ ಹೊಂದುವ ಬಣ್ಣ ಹುಡುಕಲು ತಾನೇ ಎಷ್ಟೋ ಹೊತ್ತು ಕೂತಿದ್ದಳು. ಕೈ ಮುಂದೆ ಹೋಗಲಿಲ್ಲ. ಅತ್ತೆ ಕಂಡೂ ಕಾಣದವರಂತೆ ಮಿಕ್ಸಿಯ ಜಾರು ತೊಳೆಯುತ್ತಿದ್ದರು. ಕೊನೆಗೆ ಪ್ರಿಯದರ್ಶಿನಿ ಪತ್ರಿಕೆಯನ್ನು ತಿರುವಿ, ಏನೂ ಅಚ್ಚಾಗದ ಬೆನ್ನು ಮೇಲೆ ಮಾಡಿಕೊಂಡು ಹರಿದಳು. ಎರಡನೆಯದನ್ನು ತಿರುವಲಿಲ್ಲ.

ಎರಡು ದಿನ ನೆನೆದರೂ ದಪ್ಪ ಕಾಗದ ಹಟಮಾರಿಯಾಗಿತ್ತು. ರುಬ್ಬಿದರೆ ಗುಲಾಬಿ ಗಂಜಿ. ಚಿನ್ನದ ಬಣ್ಣದ ಅಂಚು ಮಾತ್ರ ಕರಗದೆ ಚೂರುಚೂರಾಗಿ ತೇಲಿತು. ಟಬ್ಬಿನಲ್ಲಿ ಜರಡಿಯನ್ನು ಓರೆಯಾಗಿ ಮುಳುಗಿಸಿ, ಮಟ್ಟವಾಗಿ ಎತ್ತಿ, ನೀರು ಸೋರಿದ ಮೇಲೆ ಹಳೇ ಪಂಚೆಯ ಮೇಲೆ ಮಗುಚಬೇಕು. ಮೊದಲ ದಿನ ಎತ್ತಿದ್ದೆಲ್ಲ ಒಂದು ಕಡೆ ರೊಟ್ಟಿಯಂತೆ ದಪ್ಪ, ಇನ್ನೊಂದು ಕಡೆ ತೂತು. "ಇರಲಿ, ಮತ್ತೆ ಟಬ್ಬಿಗೇ ಹಾಕು. ಇದರಲ್ಲಿ ಕೆಟ್ಟದ್ದು ಅಂತ ಇಲ್ಲ," ಎಂದರು ಕಲ್ಲಮ್ಮ. ದಿನ ಕಳೆದಂತೆ ಕೈ ಕೂಡಿಬಂತು.

ಕಟ್ಟುಗಳನ್ನು ಅಕ್ಕನ ಮನೆಯಲ್ಲಿಡಲು ಒಯ್ದಿದ್ದಾಳೆ ಎಂದುಕೊಂಡಿದ್ದ ಪರಮೇಶ್ವರಪ್ಪನವರಿಗೆ ಅಷ್ಟರಲ್ಲಿ ನಿಜ ವಿಷಯ ಗೊತ್ತಾಗಿ ಸ್ಕೂಟರ್ ಹತ್ತಿ ಬಂದೇಬಿಟ್ಟರು. ಹಿತ್ತಲಿಗೆ ಬಂದವರ ಕಣ್ಣು ಟಬ್ಬಿನ ಮೇಲೆ ಬಿತ್ತು.

"ದೇವರ ಹೆಸರಿರೋ ಕಾಗದ ಮಿಕ್ಸಿಗೆ ಹಾಕಿದ್ದೀಯಾ? ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ?"

"ಕೇಳಿದ್ರೆ ಬೇಡ ಅಂತಿದ್ರಿ ಅಪ್ಪ."

"ಬೇಡ ಅಂತಲೇ ಅಂತಿದ್ದೆ! ಮನೆಯಲ್ಲಿ ಆದ ಅವಮಾನ ಸಾಲದು ಅಂತ ಇದನ್ನ ಪುಸ್ತಕ ಮಾಡಿ ಊರಿಗೆ ಹಂಚ್ತೀಯ?"

ಪ್ರಿಯದರ್ಶಿನಿ ಒದ್ದೆ ಕೈಯಲ್ಲೇ ಎದ್ದು ನಿಂತಳು. "ಅವಮಾನ ನಮ್ಮದು ಹೇಗಪ್ಪ? ಮಾತು ಕೊಟ್ಟು ತಪ್ಪಿದ್ದು ಅವರು. ನೀವು ಮನೆ ಮನೆಗೆ ಹೋಗಿ ತಲೆ ತಗ್ಗಿಸಿಕೊಂಡು ಬರೋದನ್ನ ದಿನಾ ನೋಡಿದೀನಿ. ಆ ಕಟ್ಟು ಮನೆಯಲ್ಲಿರೋವರೆಗೂ ನೀವು ತಲೆ ಎತ್ತಲ್ಲ, ನನಗೂ ಎತ್ತೋಕೆ ಬಿಡಲ್ಲ."

ಇಷ್ಟು ಮಾತನ್ನು ಆಕೆ ಅಪ್ಪನ ಎದುರು ಎಂದೂ ಆಡಿರಲಿಲ್ಲ. ಕಲ್ಲಮ್ಮ ತಮ್ಮನ ಮುಂದೆ ಒಂದು ಮಣೆ ಇಟ್ಟು, "ಕೂತ್ಕೋ ಪರಮೇಶಿ, ಬಿಸಿಲಲ್ಲಿ ಬಂದಿದ್ದೀಯ," ಎಂದು ಮಜ್ಜಿಗೆ ಕೊಟ್ಟರು.

ಮಜ್ಜಿಗೆ ಮುಗಿದರೂ ಅವರು ಏಳಲಿಲ್ಲ. ಪಕ್ಕದಲ್ಲಿದ್ದ ಉಳಿದ ಕಟ್ಟನ್ನು ಬಿಚ್ಚಿದರು. "ಕತ್ತರಿ ಇದೆಯೇನೇ ಅಕ್ಕ?" ಬಟ್ಟೆ ಕತ್ತರಿಸಿ ಪಳಗಿದ ಕೈಯಿಂದ ಪ್ರತಿ ಪತ್ರಿಕೆಯಿಂದ ದೇವರ ಚಿತ್ರವನ್ನಷ್ಟೇ ನೀಟಾಗಿ ಬಿಡಿಸಿ ಒಂದು ತಟ್ಟೆಯಲ್ಲಿಟ್ಟರು. ಮಿಕ್ಕದ್ದನ್ನು ಮಗಳ ಕಡೆ ತಳ್ಳಿದರು. "ಇವನ್ನ ಹೊಳೆಗೆ ಬಿಡ್ತೀನಿ. ಅದು ನಿನ್ನದು." ಒಂದು ಕಡೆ ಕತ್ತರಿ ನಿಂತಿತು. ಆಹ್ವಾನದ ಒಕ್ಕಣೆಯನ್ನು ಬರೆದವರು ಅವರೇ. ಅದನ್ನು ತುಟಿಯಲ್ಲೇ ಓದಿಕೊಂಡರು. "ಚೆನ್ನಾಗೇ ಬರೆದಿದ್ದೆ," ಎಂದರು. "ಹೂಂ ಅಪ್ಪ," ಎಂದಳು ಮಗಳು. ಬೆಳಕಿರುವವರೆಗೂ ಮೂವರೂ ಹರಿಯುತ್ತಾ ಕೂತರು.

ಒಣಗಿದ ಹಾಳೆಗೆ ತೆಳ್ಳಗೆ ಮೈದಾ ಗಂಜಿ ಸವರಿ ಮತ್ತೆ ಒಣಗಿಸಿದರೆ ಶಾಯಿ ಹರಡುವುದಿಲ್ಲ. ಮಡಿಸಿ, ದಬ್ಬಣದಿಂದ ತೂತು ಮಾಡಿ ಹೊಲಿದದ್ದು ಪ್ರಿಯದರ್ಶಿನಿ. ರಟ್ಟಿಗೆ ಅಂಟಿಸಲು ಅಂಗಡಿಯ ಬಟ್ಟೆ ತುಂಡುಗಳನ್ನು ಪರಮೇಶ್ವರಪ್ಪನವರೇ ತಂದುಕೊಟ್ಟರು. ಮಸುಕು ಗುಲಾಬಿ ಹಾಳೆಯಲ್ಲಿ ಅಲ್ಲಲ್ಲಿ ಚಿನ್ನದ ಚುಕ್ಕೆ, ಎಲ್ಲೋ ಒಂದು ಅರೆಬರೆ ಒತ್ತಕ್ಷರ. ಯಾವ ಹೆಸರಿನದೆಂದು ಹೇಳಲಾಗದು. ಮೊದಮೊದಲು ಪ್ರಿಯದರ್ಶಿನಿ ಹುಡುಕಿದ್ದುಂಟು, ಆಮೇಲೆ ಬಿಟ್ಟಳು. ಅಂಗಡಿಯ ಗಲ್ಲಾ ಪಕ್ಕದಲ್ಲಿಟ್ಟ ನೋಟ್‌ಬುಕ್ಕುಗಳನ್ನು ಸೀರೆ ಕೊಳ್ಳಲು ಬಂದ ಹೆಂಗಸರು ಮುಟ್ಟಿ ನೋಡಿ, ಕೇಳಿ ಕೊಂಡರು. ಯಾರು ಮಾಡಿದ್ದು ಎಂದರೆ "ನನ್ನ ಮಗಳು," ಎನ್ನುತ್ತಿದ್ದರು ಪರಮೇಶ್ವರಪ್ಪ. ಯಾತರಿಂದ ಎಂದು ಹೇಳುತ್ತಿರಲಿಲ್ಲ.

ಪತ್ರಿಕೆಗಳು ಮುಗಿದವು. ನೋಟ್‌ಬುಕ್ ಇನ್ನೂ ಬೇಕೆನ್ನುವವರಿದ್ದರು, ಅವಳಿಗೂ ಬಿಡಲು ಮನಸ್ಸಿರಲಿಲ್ಲ. ಒಂದು ಬೆಳಿಗ್ಗೆ, ಲಗ್ನಪತ್ರಿಕೆ ಅಚ್ಚಾಗಿದ್ದ ಬಜಾರಿನ ಒಳಗಲ್ಲಿಯ ಪ್ರೆಸ್ಸಿಗೆ ಹೋದಳು. ಮಾಲೀಕ ಸಿದ್ದಯ್ಯನವರು ಅಪ್ಪನ ಪರಿಚಯದವರು. ಕಂಡೊಡನೆ ಎದ್ದು ನಿಂತು, "ಬಾಮ್ಮ... ಮತ್ತೆ, ಮದುವೆ..." ಎಂದು ತಡವರಿಸಿದರು.

ಇಷ್ಟು ದಿನ ಇಂಥ ಪ್ರಶ್ನೆಗೆ ತಾಯಿಯೋ ತಂದೆಯೋ ಉತ್ತರ ಕೊಡುತ್ತಿದ್ದರು.

"ನಿಂತುಹೋಯ್ತು ಸಿದ್ದಯ್ಯನೋರೇ, ಹುಡುಗ ಒಪ್ಪಲಿಲ್ಲ," ಎಂದಳು ಪ್ರಿಯದರ್ಶಿನಿ. "ನಿಮ್ಮಲ್ಲಿ ಕತ್ತರಿಸಿ ಬಿಸಾಕೋ ಕಾಗದ ಏನು ಮಾಡ್ತೀರಿ? ನಂಗೆ ಬೇಕಿತ್ತು."

ಸಿದ್ದಯ್ಯ ಒಂದು ಗಳಿಗೆ ಅವಳ ಮುಖ ನೋಡಿ, ಹಿಂದಿನ ಕೋಣೆಯ ಬಾಗಿಲು ತೆರೆದರು. ಬಿಳಿ, ಹಳದಿ, ನೀಲಿ ಪಟ್ಟಿಗಳು ಮೊಣಕಾಲೆತ್ತರ ಬಿದ್ದಿದ್ದವು. ಅವಳು ಚೂಡಿದಾರದ ತೋಳು ಮಡಿಸಿ, ತಂದಿದ್ದ ಚೀಲ ಬಿಡಿಸಿ ತುಂಬತೊಡಗಿದಳು.