ಹದಿನೈದನೆಯ ಕೋಲು

ಗ್ಲೌಸ್ ಹೆಬ್ಬೆರಳಿನ ಬುಡದಲ್ಲಿ ಸಿಕ್ಕಿಕೊಂಡಿತ್ತು. ಮಗಳು ಮೊದಲು ಮೆಲ್ಲಗೆ ಎಳೆದಳು, ಆಮೇಲೆ ಸ್ವಲ್ಪ ಸಿಟ್ಟಿನಿಂದಲೇ ಎಳೆದಳು. ಅಪ್ಪನ ಕೈ ಬದುಕಿದ್ದಾಗಲೂ ಹೀಗೇ, ಬೇರೆಯವರು ಹೇಳಿದಂತೆ ಕೇಳಿದ್ದೇ ಇಲ್ಲ.

"ಇನ್ನೊಂದು ಕೈದು ಎಲ್ಲಿ ಮೇಡಂ?" ಎಂದು ಶವಪೆಟ್ಟಿಗೆಯವನು ಕೇಳಿದ.

"ಇನ್ನೊಂದಿಲ್ಲ. ಗಾಲ್ಫ್ ಆಡೋರು ಒಂದೇ ಕೈಗೆ ಹಾಕೋದು."

ಅವನು ಎರಡೂ ಕೈಗಳನ್ನು ಒಂದಾದ ಮೇಲೊಂದು ನೋಡಿದ. ಐವತ್ತು ವರ್ಷ ಬಿಸಿಲಿನಲ್ಲಿ ನಿಂತು ಬಲಗೈ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಗ್ಲೌಸಿನೊಳಗೇ ಕಾಲ ಕಳೆದ ಎಡಗೈ ಮಾತ್ರ ಮಣಿಕಟ್ಟಿನವರೆಗೆ ಬೆಳ್ಳಗೆ, ಆಫೀಸಿನಲ್ಲಿ ಕೂತು ಬದುಕಿದವನ ಕೈಯಂತೆ ಇತ್ತು. ಒಬ್ಬನೇ ಮನುಷ್ಯನ ಕೈಗಳೆಂದರೆ ನಂಬುವುದು ಕಷ್ಟ. ಜನ ಬರುವಷ್ಟರಲ್ಲಿ ಮುಚ್ಚಿಬಿಡು ಎಂದು ಅಮ್ಮ ಬೆಳಿಗ್ಗೆಯಿಂದ ಹೇಳುತ್ತಲೇ ಇದ್ದಳು.

ಪೆಟ್ಟಿಗೆಯನ್ನು ಕ್ಲಬ್ಬಿನ ದೊಡ್ಡ ಹಾಲ್‌ನಲ್ಲಿ ಇಟ್ಟಿದ್ದರು. ಗೋಡೆಯುದ್ದಕ್ಕೂ ಗೆದ್ದವರ ಹೆಸರು ಬರೆದ ಹಲಗೆಗಳು. ಅಪ್ಪನ ಹೆಸರು ಅವುಗಳಲ್ಲಿ ಎಲ್ಲೂ ಇರಲಿಲ್ಲ. ಹನ್ನೆರಡು ವರ್ಷ ವೃತ್ತಿಪರ ಆಟಗಾರನಾಗಿ ಊರೂರು ಸುತ್ತಿ, ದೊಡ್ಡ ಕಪ್ಪೊಂದರ ಹತ್ತಿರ ಒಂದೇ ಒಂದು ಸಲ ಹೋಗಿ, ಅದನ್ನು ಕೈಬಿಟ್ಟು, ಉಳಿದ ಆಯುಷ್ಯವನ್ನು ಈ ಕ್ಲಬ್ಬಿನ ಸದಸ್ಯರಿಗೆ ಸೊಂಟ ತಿರುಗಿಸುವುದು ಹೇಗೆಂದು ಕಲಿಸುತ್ತ ಕಳೆದವರು ಅವರು. ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಆದರೆ ಮೇಷ್ಟ್ರು ಈ ಹಾಲ್‌ಗೆ ಮುಂಬಾಗಿಲಿನಿಂದ ಬರುವ ಹಾಗಿರಲಿಲ್ಲ. ಅದು ಸದಸ್ಯರಿಗೆ ಮಾತ್ರ. ಇವತ್ತು ಮಲಗಿಕೊಂಡು ಬಂದಿದ್ದರು.

ಚಿಕ್ಕಪ್ಪ ಅಪ್ಪನ ಗಾಲ್ಫ್ ಕೋಲುಗಳ ಚೀಲ ಹೊತ್ತುಕೊಂಡು ಬಂದ. ಎಪ್ಪತ್ತು ದಾಟಿದ್ದರೂ ಅಣ್ಣನ ಚೀಲ ಹೆಗಲಿಗೇರಿದ ಕೂಡಲೇ ಅವನ ನಡಿಗೆಗೆ ಒಂದು ಗತ್ತು ಬರುತ್ತಿತ್ತು. ಅಣ್ಣ ಆಡುತ್ತಿದ್ದಷ್ಟು ಕಾಲ ಅವನೇ ಕ್ಯಾಡಿ. ಚೀಲ ಹೊರುವುದು, ಗಾಳಿ ನೋಡುವುದು, ಆಟ ಶುರುವಾಗುವ ಮೊದಲು ಕೋಲುಗಳನ್ನು ಎಣಿಸುವುದು ಕ್ಯಾಡಿಯ ಕೆಲಸ. ಚೀಲದಲ್ಲಿ ಹದಿನಾಲ್ಕಕ್ಕಿಂತ ಹೆಚ್ಚು ಕೋಲು ಇರಕೂಡದು. ಒಂದೇ ಒಂದು ಹೆಚ್ಚಾಗಿದ್ದರೂ, ಅದನ್ನು ಮುಟ್ಟದಿದ್ದರೂ, ದಂಡ ತಪ್ಪಿದ್ದಲ್ಲ.

ಚಿಕ್ಕಪ್ಪ ಚೀಲವನ್ನು ಅಣ್ಣನ ತಲೆಯ ಪಕ್ಕದಲ್ಲಿ ನಿಲ್ಲಿಸಿ, ಕರ್ಚೀಫಿನಿಂದ ಒರೆಸಿ, ಮಗಳ ಕಡೆ ತಿರುಗಿ ಕಣ್ಣು ಮಿಟುಕಿಸಿದ.

"ಹದಿನಾಲ್ಕೇ ಇದೆ. ನೋಡ್ಕೊಂಡೇ ತಂದಿದೀನಿ. ನೀನೇನೂ ಸೇರಿಸ್ಬೇಡ ಮತ್ತೆ!"

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅಣ್ಣನ ಹೆಣ ಮುಂದಿದೆ, ಆಗಲೇ ಇವನಿಗೆ ತಮಾಷೆ.

"ಚಿಕ್ಕಪ್ಪ, ಇವತ್ತು ಆ ಕತೆ ಬೇಡ."

"ಯಾವ ಕತೆ?"

"ಯಾವುದು ಅಂತ ನಿಮಗೆ ಗೊತ್ತು."

"ಅಯ್ಯೋ ಹುಚ್ಚಿ, ಕಾರ್ಯದರ್ಶಿಗಳೇ ಕೇಳಿದಾರೆ. ಎರಡು ಮಾತಾಡಿ, ಆ ಕತೆ ಹೇಳಿ, ಚೆನ್ನಾಗಿರತ್ತೆ ಅಂದ್ರು. ಬರೀ ಅಳು ಅಂದ್ರೆ ಹೇಗೆ, ಜನ ಸ್ವಲ್ಪ ನಗ್ಲಿ ಬಿಡು."

"ನಲವತ್ತು ವರ್ಷದಿಂದ ನಕ್ಕಿದಾರೆ. ಇವತ್ತೊಂದಿನ ಬಿಟ್ಬಿಡಿ. ಕೈ ಮುಗೀತೀನಿ."

"ಮಗುವಾಗಿದ್ದಾಗಿನ ವಿಷಯ ಕಣೆ. ಅದನ್ನ ಇನ್ನೂ ಹಿಡ್ಕೊಂಡು ಕೂತಿದೀಯಲ್ಲ," ಎಂದು ಅವಳ ಬೆನ್ನು ತಟ್ಟಿ, ಬಂದವರನ್ನು ಮಾತಾಡಿಸಲು ಹೋದ.

*

ಆಗ ಅವಳಿಗೆ ಏಳು ವರ್ಷ. ಅಪ್ಪ ತಮ್ಮ ಹಳೆಯ ಕೋಲೊಂದನ್ನು ಅವಳ ಎತ್ತರಕ್ಕೆ ಕತ್ತರಿಸಿ, ಹಿಡಿಗೆ ಕೆಂಪು ಟೇಪು ಸುತ್ತಿ ಕೊಟ್ಟಿದ್ದರು. ಅವಳು ಊಟಕ್ಕೂ ಅದನ್ನು ಹಿಡಿದೇ ಕೂರುತ್ತಿದ್ದಳು. "ಇವಳ ಕೈ ನನಗಿಂತ ಹದವಾಗಿದೆ" ಎಂದು ಅಪ್ಪ ಅಮ್ಮನಿಗೆ ಹೇಳಿದ್ದು ಬಾಗಿಲ ಮರೆಯಿಂದ ಕಿವಿಗೆ ಬಿದ್ದ ದಿನ ಅವಳ ಕಾಲು ನೆಲದ ಮೇಲಿರಲಿಲ್ಲ. ಅಪ್ಪ ಯಾರನ್ನೂ ಹೊಗಳುವವರಲ್ಲ.

ದೊಡ್ಡ ಪಂದ್ಯದ ಕೊನೆಯ ದಿನ ಅಪ್ಪ ಎಲ್ಲರಿಗಿಂತ ಮುಂದಿದ್ದರು. ಮೊದಲನೆಯ ಕುಳಿ ಮುಗಿಸಿ ಎರಡನೆಯದಕ್ಕೆ ನಿಂತಾಗ ಚಿಕ್ಕಪ್ಪ ಚೀಲಕ್ಕೆ ಕೈಹಾಕಿದವನು ಹಾಗೇ ನಿಂತುಬಿಟ್ಟ. ದೊಡ್ಡ ಕೋಲುಗಳ ಸಂದಿಯಲ್ಲಿ, ಕೆಳಗೆ, ಕೆಂಪು ಟೇಪಿನ ಪುಟ್ಟ ಕೋಲು. ಬೇರೆ ಯಾರೂ ನೋಡಿರಲಿಲ್ಲ. ಅಪ್ಪನೇ ತೀರ್ಪುಗಾರನನ್ನು ಕರೆದು ತೋರಿಸಿದರು. ಎರಡು ಹೊಡೆತ ದಂಡ ಬಿತ್ತು. ಕಡಿಮೆ ಹೊಡೆತದಲ್ಲಿ ಮುಗಿಸಿದವನು ಗೆಲ್ಲುವ ಆಟ ಅದು. ಸಂಜೆ ಅಪ್ಪ ಒಂದೇ ಒಂದು ಹೊಡೆತದಿಂದ ಸೋತರು.

"ಮಗು ತುರುಕಿಬಿಟ್ಟಿದೆ ಸ್ವಾಮಿ, ಅಪ್ಪನ ಜೊತೆ ತಾನೂ ಆಡ್ತೀನಿ ಅಂತ," ಎಂದು ಚಿಕ್ಕಪ್ಪ ಪತ್ರಿಕೆಯವರಿಗೆ ಹೇಳಿದ. ಅಪ್ಪ ಪಕ್ಕದಲ್ಲೇ ಇದ್ದರು. ಮಾರನೆಯ ದಿನ ಪತ್ರಿಕೆಯಲ್ಲಿ ಅಪ್ಪನ ಪ್ರಾಮಾಣಿಕತೆಗೆ ಒಂದು ಕಾಲಂ, ಅದರ ಕೆಳಗೆ ಕೋಲು ಹಿಡಿದು ನಿಂತ ಅವಳ ಫೋಟೋ.

ಶಾಲೆಯಲ್ಲಿ ಅವಳ ಹೆಸರೇ ಹದಿನೈದು ಎಂದಾಯಿತು. ಕ್ಲಬ್ಬಿನಲ್ಲಿಯೂ ಅದೇ. ಚಿಕ್ಕಪ್ಪ ಸಿಕ್ಕಸಿಕ್ಕವರಿಗೆಲ್ಲ ಉಪ್ಪುಖಾರ ಹಚ್ಚಿ ಆ ಕತೆ ಹೇಳುತ್ತಿದ್ದ. ಹೇಳಿದಂತೆಲ್ಲ ಅದು ಬೆಳೆಯಿತು. ಕೊನೆಕೊನೆಗೆ ಆ ಕತೆಯಲ್ಲಿ ಅವಳು ಬೆಳಗಿನ ಜಾವ ಎದ್ದು, ತುದಿಗಾಲಲ್ಲಿ ಹೋಗಿ, ಚೀಲದ ಬಾಯಿ ಬಿಚ್ಚುತ್ತಿದ್ದಳು. ಕೇಳಿ ಕೇಳಿ ಅವಳಿಗೇ ಎಲ್ಲ ನೆನಪಿದ್ದಂತೆ ಆಗಿತ್ತು. ಕಾಲಡಿಯ ತಣ್ಣನೆಯ ನೆಲ, ಚೀಲದ ಚರ್ಮದ ವಾಸನೆ, ಕೆಂಪು ಟೇಪು ಒಳಗೆ ಜಾರಿದ್ದು. ಅಪ್ಪನ ಕಪ್ಪನ್ನು ಕಳೆದವಳು ತಾನು ಎಂಬುದರಲ್ಲಿ ಅವಳಿಗೆ ಒಂದು ದಿನವೂ ಅನುಮಾನ ಬರಲಿಲ್ಲ.

ಮತ್ತೆ ಅವಳು ಕೋಲು ಮುಟ್ಟಲಿಲ್ಲ. ದೊಡ್ಡವಳಾಗಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಮಾತ್ರೆಗಳನ್ನು ಒಂದು ಸಲ ಎಣಿಸಿ, ಪೊಟ್ಟಣಕ್ಕೆ ಹಾಕಿ, ಮತ್ತೆ ಹೊರಗೆ ಸುರಿದು ಇನ್ನೊಂದು ಸಲ ಎಣಿಸುತ್ತಿದ್ದಳು. ಗಿರಾಕಿಗಳು ಗೊಣಗುತ್ತಿದ್ದರು. ಒಮ್ಮೆ ಅಪ್ಪ ಅಂಗಡಿಗೆ ಬಂದು, ಕೌಂಟರಿನ ಆಚೆ ನಿಂತು, ಅದನ್ನೇ ನೋಡುತ್ತಿದ್ದರು.

"ಒಂದ್ಸಲ ಎಣಿಸಿದ್ರೆ ಸಾಲ್ದೇನಮ್ಮ?"

"ಸಾಲಲ್ಲಪ್ಪ. ಹೆಚ್ಚುಕಮ್ಮಿ ಆಗ್ಬಿಡತ್ತೆ."

ಅವರ ಬಾಯಿ ಏನೋ ಹೇಳಲು ತೆರೆಯಿತು. ಆಮೇಲೆ ಕೆಮ್ಮಿನ ಔಷಧಿ ತೆಗೆದುಕೊಂಡು ಹೊರಟುಹೋದರು.

*

ಹಾಲ್ ತುಂಬುತ್ತ ಬಂತು. ಕಪ್ಪು ಕೋಟಿನ ಮುದುಕ ಸದಸ್ಯನೊಬ್ಬ ಹೂಗುಚ್ಛ ಇಟ್ಟು ಅವಳ ಮುಖವನ್ನು ದಿಟ್ಟಿಸಿದ.

"ನೀನೇ ಅಲ್ವೇನಮ್ಮ ಹದಿನೈದು? ನಿಮ್ಮಪ್ಪ ದೇವರಂಥ ಮನುಷ್ಯ. ಬೇರೆ ಯಾರಾದ್ರೂ ಆಗಿದ್ರೆ ಅವತ್ತು ನಿನ್ನ ಬೆನ್ನು ಮುರೀತಿದ್ರು. ಒಂದೇಟು ಹಾಕ್ಲಿಲ್ಲ ನೋಡು!"

ಅವಳು ತಲೆಯಾಡಿಸಿದಳು. ಇದಕ್ಕೆ ತಲೆಯಾಡಿಸುವುದು ಅವಳಿಗೆ ಅಭ್ಯಾಸವಾಗಿಹೋಗಿತ್ತು. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅಮ್ಮ ತಟ್ಟನೆ ಎದ್ದು, ಮಗಳ ರಟ್ಟೆ ಹಿಡಿದು, ಟೀ ಕಾಯಿಸುತ್ತಿದ್ದ ಪಕ್ಕದ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು. ದುಃಖ ಉಕ್ಕಿಬಂದಿದೆ ಎಂದುಕೊಂಡು ಮಗಳು ಕುರ್ಚಿ ಎಳೆದಳು.

"ಕೂತ್ಕೋಮ್ಮ. ನೀರು ಕೊಡ್ತೀನಿ."

"ನೀರು ಬೇಡ. ಇನ್ನು ನನ್ನ ಕೈಲಾಗಲ್ಲ. ನನ್ನ ಬಾಯಿಗೆ ಬೀಗ ಹಾಕಿದ್ದ ಮನುಷ್ಯ ಹೋದ್ರು, ಬೀಗ ಯಾಕಿನ್ನು? ಆ ಕೋಲು ಚೀಲಕ್ಕೆ ಹಾಕಿದ್ದು ನೀನಲ್ಲ."

ಮಗಳು ಎತ್ತಿದ್ದ ನೀರಿನ ಲೋಟವನ್ನು ಕೆಳಗಿಟ್ಟಳು.

"ಹಿಂದಿನ ಸಂಜೆ ಅಪ್ಪ ಮಗಳು ಇಬ್ಬರೂ ಮೈದಾನದಲ್ಲಿ ಆಡ್ತಾ ಇದ್ರಿ. ನಿನಗೆ ಮೈ ಬೆಚ್ಚಗಾಗಿ, ಅಲ್ಲೇ ಹುಲ್ಲಿನ ಮೇಲೆ ನಿದ್ದೆಹೋದೆ. ನಿನ್ನನ್ನ ಹೆಗಲ ಮೇಲೆ ಹಾಕ್ಕೊಂಡು, ಕೈ ಖಾಲಿ ಇಲ್ಲ ಅಂತ ನಿನ್ನ ಕೋಲನ್ನ ಚೀಲಕ್ಕೆ ಸೇರಿಸಿದ್ದು ಅವರೇ. ಬೆಳಿಗ್ಗೆ ನಿಂಗೆ ಕೆಂಡದಂಥ ಜ್ವರ. ಅವರು ಆಡೋಕೆ ಹೋದಾಗ ನೀನು ಕಣ್ಣೇ ಬಿಟ್ಟಿರ್ಲಿಲ್ಲ. ನಾನು ಹಣೆಗೆ ಒದ್ದೆ ಬಟ್ಟೆ ಹಾಕ್ತಾ ಪಕ್ಕದಲ್ಲೇ ಕೂತಿದ್ದೆ."

"ಚಿಕ್ಕಪ್ಪ ಎಣಿಸ್ಲಿಲ್ವಾ?"

"ಎಲ್ಲಿ ಎಣಿಸ್ತಾನೆ! ಅಣ್ಣ ಗೆದ್ದೇ ಬಿಟ್ಟ ಅಂತ ಹಿಂದಿನ ರಾತ್ರಿನೇ ಕುಡಿದು ಬಿದ್ದಿದ್ದ. ಬೆಳಿಗ್ಗೆ ಏದುಸಿರು ಬಿಡ್ತಾ ಓಡಿಬಂದು ಚೀಲ ಎತ್ಕೊಂಡ."

"ಅಪ್ಪಂಗೆ ಇದೆಲ್ಲ ಗೊತ್ತಿತ್ತು."

"ಗೊತ್ತಿತ್ತು."

"ನಿಂಗೂ."

ಅಮ್ಮ ಸೆರಗಿನ ತುದಿ ಹಿಂಡಿದಳು. "ನಿಮ್ಮಪ್ಪನ ಜೊತೆ ಎಷ್ಟು ಜಗಳ ಆಡಿದೀನಿ ಗೊತ್ತಾ? ಎಣಿಸೋಕೆ ಬಾರದ ಕ್ಯಾಡಿ ಅಂತ ಹೆಸರು ಬಂದ್ರೆ ಇವನಿಗೆ ಯಾರೂ ಚೀಲ ಕೊಡಲ್ಲ, ಬೇರೆ ಕೆಲಸ ಬರಲ್ಲ, ನನ್ನ ತಮ್ಮ ಬೀದಿಗೆ ಬೀಳ್ತಾನೆ ಅಂದ್ರು. ಮಗು ಅಂದ್ರೆ ಜನ ನಕ್ಕು ಮರೆತುಬಿಡ್ತಾರೆ ಅಂದ್ರು."

"ನಕ್ರು," ಎಂದಳು ಮಗಳು. "ಮರೀಲಿಲ್ಲ."

ಅವಳಿಗೆ ಅಳು ಬರಲಿಲ್ಲ. ಬಂದದ್ದು ಸಿಟ್ಟು. ಚಿಕ್ಕಪ್ಪನ ಮೇಲಿನ ಸಿಟ್ಟು ಹಳೆಯದು, ಅದರ ತೂಕ ಅವಳಿಗೆ ಗೊತ್ತಿತ್ತು. ಇದು ಬೇರೆ. ಯಾರೂ ನೋಡದ ತಪ್ಪನ್ನು ತೀರ್ಪುಗಾರನನ್ನು ಕರೆದು ತೋರಿಸಿದ ಮನುಷ್ಯ, ಪ್ರಾಮಾಣಿಕ ಎಂದು ಊರೆಲ್ಲ ಹೊಗಳಿಸಿಕೊಂಡ ಮನುಷ್ಯ, ಅದೇ ಸಂಜೆ ಏಳು ವರ್ಷದ ಮಗಳ ತಲೆಗೆ ಅದನ್ನು ಕಟ್ಟುವುದನ್ನು ನೋಡುತ್ತ ಪಕ್ಕದಲ್ಲಿ ನಿಂತಿದ್ದ. ಆಟಕ್ಕೆ ಇದ್ದ ನ್ಯಾಯ ಮನೆಗೆ ಇರಲಿಲ್ಲ. ಅಂಗಡಿಯವರೆಗೆ ಬಂದು ಕೊಂಡುಹೋಗಿದ್ದು ಕೆಮ್ಮಿನ ಔಷಧಿಯಂತೆ, ಕೆಮ್ಮಿನ ಔಷಧಿ!

"ಆ ಕೋಲು ಏನಾಯ್ತು?"

"ಅವರ ಕಾರಿನ ಡಿಕ್ಕೀಲಿದೆ. ಎಸೀಲಿಲ್ಲ. ಟೇಪು ಹರಿದಾಗೆಲ್ಲ ಹೊಸದು ಸುತ್ತೋರು."

"ಟೇಪು ಸುತ್ತೋಕೆ ಪುರುಸೊತ್ತಿತ್ತು," ಎಂದಳು ಮಗಳು. "ಒಂದು ಮಾತು ಹೇಳೋಕೆ ಇರ್ಲಿಲ್ಲ. ಕಾರಿನ ಕೀ ಕೊಡು."

*

ಅವಳು ತಿರುಗಿ ಬರುವಷ್ಟರಲ್ಲಿ ಕಾರ್ಯದರ್ಶಿಯ ಭಾಷಣ ಮುಗಿದಿತ್ತು. ಚಿಕ್ಕಪ್ಪ ಪೆಟ್ಟಿಗೆಯ ಪಕ್ಕದಲ್ಲಿ ನಿಂತು, ಒಂದು ಕೈಯನ್ನು ಚೀಲದ ಮೇಲೆ ಊರಿ, ಕತೆಯ ಅರ್ಧಕ್ಕೆ ಬಂದಿದ್ದ.

"...ಬೆಳಗಿನ ಜಾವ, ಎಲ್ರೂ ಮಲಗಿದಾರೆ. ಈ ಪುಟಾಣಿ ಕಳ್ಳಿ ಮೆಲ್ಲಗೆ ಎದ್ದು, ತುದಿಗಾಲಲ್ಲಿ..."

ಜನ ಆಗಲೇ ನಗುವುದಕ್ಕೆ ಮುಖ ಸಡಿಲಿಸಿದ್ದರು. ಮಗಳು ನಡುವಿನ ದಾರಿಯಲ್ಲಿ ನೇರವಾಗಿ ನಡೆದುಬಂದು ಪುಟ್ಟ ಕೋಲನ್ನು ಚೀಲದೊಳಗೆ ಹಾಕಿದಳು. ಉಳಿದ ಕೋಲುಗಳಿಗೆ ತಾಗಿ ಅದು ಟಣ್ ಎಂದಿತು.

ಚಿಕ್ಕಪ್ಪನ ನಗು ಅರ್ಧಕ್ಕೇ ನಿಂತಿತು. "ಏನಿದು, ತಮಾಷೆನಾ?"

"ಕೋಲು ಎಣಿಸೋದು ಯಾರ ಕೆಲಸ, ಚಿಕ್ಕಪ್ಪ?"

"ಈಗ ಯಾಕಮ್ಮ ಅದೆಲ್ಲ..."

"ಯಾರ ಕೆಲಸ?"

"ಕ್ಯಾಡಿದು," ಎಂದು ಮುಂದಿನ ಸಾಲಿನಿಂದ ಕಪ್ಪು ಕೋಟಿನ ಮುದುಕನೇ ಹೇಳಿದ. ಅಷ್ಟು ವರ್ಷ ಆಡಿದವನಿಗೆ ಆ ಪ್ರಶ್ನೆ ಆವರೆಗೆ ಹೊಳೆದಿರಲಿಲ್ಲ. ಹೇಳಿದ ಮೇಲೆ ಅವನ ಹುಬ್ಬು ಗಂಟಿಕ್ಕಿತು.

"ಆ ದಿನ ನಾನು ಜ್ವರ ಬಂದು ಮಲಗಿದ್ದೆ," ಎಂದಳು ಮಗಳು. ಅವಳ ದನಿ ಏರಲಿಲ್ಲ, ಆದರೆ ಕೊನೆಯ ಸಾಲಿನವರೆಗೆ ಮುಟ್ಟಿತು. "ಈ ಕೋಲು ಚೀಲಕ್ಕೆ ಹಾಕಿದ್ದು ಇಲ್ಲಿ ಮಲಗಿರೋರು. ಎಣಿಸದೆ ಹೊತ್ಕೊಂಡು ಹೋಗಿದ್ದು ನೀವು. ನಿಮ್ಮಿಬ್ಬರ ತಪ್ಪನ್ನ ನಲವತ್ತು ವರ್ಷ ಹೊತ್ತಿದ್ದು ನಾನು. ನನಗೆ ಕ್ಷಮೆ ಬೇಡ, ಏನೂ ಬೇಡ. ಅವತ್ತು ಮಾಡದೆ ಬಿಟ್ಟ ಕೆಲಸ ಇವತ್ತು ಮಾಡಿ, ಸಾಕು. ಎಣಿಸಿ. ಎಲ್ರಿಗೂ ಕೇಳೋ ಹಾಗೆ."

ಚಿಕ್ಕಪ್ಪ ಸಹಾಯಕ್ಕೆಂದು ಅತ್ತಿಗೆಯ ಕಡೆ ನೋಡಿದ. ಅತ್ತಿಗೆ ಬಾಗಿಲಲ್ಲಿ ನಿಂತಿದ್ದಳು, ಕಣ್ಣು ಕದಲಿಸಲಿಲ್ಲ. ಕಾರ್ಯದರ್ಶಿ ಏಳಲು ಹೋಗಿ ಮತ್ತೆ ಕೂತರು. ಮಗಳು ಪೆಟ್ಟಿಗೆಯ ಮೇಲೆ ಬಾಗಿ, ಬೆಳಿಗ್ಗೆ ಅಷ್ಟು ಕಷ್ಟಪಟ್ಟು ಹಾಕಿದ್ದ ಗ್ಲೌಸನ್ನು ಒಂದೇ ಎಳೆತಕ್ಕೆ ಕಳಚಿದಳು. ಬಿಳಿಯ ಕೈ, ಕಪ್ಪು ಕೈ, ಎರಡೂ ಎಲ್ಲರಿಗೂ ಕಂಡವು.

"ನೀನೂ ಕೇಳಿಸ್ಕೋ, ಅಪ್ಪ."

ಚಿಕ್ಕಪ್ಪ ಎಣಿಸತೊಡಗಿದ. ಒಂದೊಂದು ಕೋಲಿನ ತಲೆಯನ್ನೂ ಮುಟ್ಟುತ್ತ, ಎಡವುತ್ತ, ಹತ್ತು ದಾಟಿದ, ಹನ್ನೆರಡು ದಾಟಿದ. ಹದಿನಾಲ್ಕು ಎಂದು ಹೇಳಿ ಕೈ ಹಿಂದಕ್ಕೆ ತೆಗೆದ.

"ಇನ್ನೂ ಒಂದಿದೆ, ಎಣಿಸು," ಎಂದಳು ಅಮ್ಮ ಬಾಗಿಲಿನಿಂದ.

ಆ ಕೋಲು ಕುಳ್ಳಗಿತ್ತು. ಅದನ್ನು ಮುಟ್ಟಬೇಕಾದರೆ ಉಳಿದವುಗಳ ನಡುವೆ ಮೊಣಕೈಯವರೆಗೆ ತೋಳು ಇಳಿಸಬೇಕು. ಚಿಕ್ಕಪ್ಪ ಬಾಗಿದ. ಬೆರಳುಗಳಿಗೆ ಕೆಂಪು ಟೇಪು ಸಿಕ್ಕಿತು. ಹೊಸದಾಗಿ ಸುತ್ತಿದ್ದು, ಇನ್ನೂ ಅಂಟಂಟಾಗಿತ್ತು. ಚೀಲದೊಳಗೆ ಕೈ, ತೆರೆದ ಬಾಯಿ, ಹಾಗೇ ನಿಂತಿದ್ದ. ಹಾಲ್‌ನಲ್ಲಿದ್ದ ಅಷ್ಟೂ ಜನ ಅವನ ಬಾಯಿಯಿಂದ ಹದಿನೈದು ಬೀಳುವುದನ್ನು ಕಾಯುತ್ತಿದ್ದರು.