ನಲವತ್ತೊಂದು ಎಂದು ಕೂಗಿದ ಮೈಕು

ನಾನು ಒಂದು ಕೈಮೈಕು. ಕಾರ್ಖಾನೆಯಲ್ಲಿ ನನಗೆ ತಗಡಿನ ಬಾಯಿ ಕೊಟ್ಟರು, ಹೊಟ್ಟೆಗೆ ಆರು ಸೆಲ್ಲು ಕೊಟ್ಟರು, ಸ್ವಂತ ಮಾತು ಕೊಡಲಿಲ್ಲ. ಕಪ್ಪು ಸಮುದ್ರದ ದಡದ ಒಂದು ಪುಟ್ಟ ದೇಶದಲ್ಲಿ ಫುಟ್‌ಬಾಲ್ ಕೋಚ್ ಒಬ್ಬ ನಾಲ್ಕು ವರ್ಷ ನನ್ನ ಮೂಲಕ ಹುಡುಗರನ್ನು ಬೈದ. ಆಮೇಲೆ ಎಲ್ಗುಜಾನಿಗೆ ಕೊಟ್ಟುಬಿಟ್ಟ.

ಎಲ್ಗುಜಾ ಬಸ್ಸು ಓಡಿಸುತ್ತಿದ್ದವನು, ಸಣ್ಣದೊಂದು ವಿರೋಧ ಪಕ್ಷದ ಕಾರ್ಯಕರ್ತ. ದೇಶ ಯುರೋಪ್ ಒಕ್ಕೂಟ ಸೇರಲಿ ಎಂದು ಬೀದಿಯಲ್ಲಿ ಬಾವುಟ ಹಿಡಿದದ್ದಕ್ಕೆ ಅವನ ಮಗಳು ಮ್ಜಿಯಾಗೆ ಆರು ವರ್ಷ ಜೈಲಾಗಿತ್ತು. ಸರ್ಕಾರ ಬದಲಾದರೆ ಅವಳು ಮನೆಗೆ ಬರುತ್ತಾಳೆ. ಇಲ್ಲವಾದರೆ ಇಲ್ಲ.

ಅಲ್ಲಿ ಮತಪತ್ರದಲ್ಲಿ ಪಕ್ಷವನ್ನು ಗುರುತಿಸುವುದು ಸಂಖ್ಯೆಯಿಂದ. ಅವನ ಪಕ್ಷ ಇಪ್ಪತ್ತು ವರ್ಷದಿಂದ ಐದು. ಮೂರು ವಾರ ಗುಡ್ಡದ ಹಳ್ಳಿಗಳಲ್ಲಿ ನಾನು ಐದು, ಐದು ಎಂದೇ ಅರಚಿದೆ.

ಅತ್ತ ರಾಜಧಾನಿಯಲ್ಲಿ ಅವನ ಪಕ್ಷವೂ ಸೇರಿ ನಾಲ್ಕು ವಿರೋಧ ಪಕ್ಷಗಳ ನಾಯಕರು ಮೈತ್ರಿಕೂಟ ಕಟ್ಟಲು ಕೂತಿದ್ದರು. ಯಾರ ಸಂಖ್ಯೆ ಉಳಿಯಬೇಕು ಎಂಬ ಜಗಳದಲ್ಲೇ ಬೇಸಿಗೆ ಮುಗಿಯಿತು. ಕೊನೆಗೆ ಎಲ್ಲರದನ್ನೂ ಬಿಟ್ಟು ಹೊಸದೊಂದು ತೆಗೆದುಕೊಂಡರು, ನಲವತ್ತೊಂದು. ಮತದಾನಕ್ಕೆ ಒಂಬತ್ತು ದಿನ ಉಳಿದಿತ್ತು. ಖಾಲಿಯಾದ ಐದನ್ನು ಯಾರೂ ಹೆಸರೇ ಕೇಳಿರದ ಪಕ್ಷವೊಂದು ಎತ್ತಿಕೊಂಡಿತು.

ಅದೇ ಹಳ್ಳಿಗಳಿಗೆ ಮತ್ತೆ ಓಡಿದೆವು. ಅಂಗಳದಲ್ಲಿ ಚೀಸ್ ಹಿಂಡುತ್ತಿದ್ದ ಝುಝುನಾ ಅಜ್ಜಿ ತಲೆ ಕೂಡ ಎತ್ತಲಿಲ್ಲ.

“ಹೋದ ವಾರ ಐದು ಅಂದೆ. ಈಗ ನಲವತ್ತೊಂದು ಅಂತೀಯ. ಬರೋ ವಾರ ಯಾವ್ದಪ್ಪಾ?”

“ಮಗಳ ಮೇಲಾಣೆ ಅಜ್ಜಿ, ನಲವತ್ತೊಂದೇ.”

“ಅವಳ ಮೇಲೆ ಇದನ್ನೂ ಹೊರಿಸ್ಬೇಡ. ಆಗ್ಲೇ ಜೈಲಲ್ಲಿದಾಳೆ.”

ಹಿಂದಿನಿಂದ ಆಳುವ ಪಕ್ಷದ ವ್ಯಾನು ಹಾಡು ಹಾಕಿಕೊಂಡು ಬಂತು. ಅದರ ಸ್ಪೀಕರಿನ ಮುಂದೆ ನಾನೊಂದು ಸೊಳ್ಳೆ. ಎಲ್ಗುಜಾನ ಗಂಟಲು ಒಡೆಯಿತು, ನನ್ನ ಸೆಲ್ಲು ಮುಗಿಯಿತು. ಮೂರು ಹಳ್ಳಿಗೆ ಹೋಗಲು ಆಗಲೇ ಇಲ್ಲ.

ಆ ಜಿಲ್ಲೆಯನ್ನು ಮೈತ್ರಿಕೂಟ ನೂರ ತೊಂಬತ್ತು ಮತದಿಂದ ಕಳೆದುಕೊಂಡಿತು. ಗುಡ್ಡದ ಹಳ್ಳಿಗಳಲ್ಲಿ ಐದಕ್ಕೆ ನಾನೂರಕ್ಕೂ ಮೇಲೆ ಬಿದ್ದಿತ್ತು. ದೇಶದಲ್ಲೂ ಸೋತರು. ಆ ನಾಲ್ವರು ಇವತ್ತಿಗೂ ಟೀವಿಯಲ್ಲಿ ಕೂತು, ತಪ್ಪು ಯಾರದು ಎಂದು ಚರ್ಚಿಸುತ್ತಾರೆ. ಅವರ ಮಕ್ಕಳ್ಯಾರೂ ಜೈಲಲ್ಲಿಲ್ಲ.

ಮುಂದಿನ ಭಾನುವಾರ ಎಲ್ಗುಜಾ ಜೈಲಿನ ಎದುರಿನ ದಿಬ್ಬ ಹತ್ತಿ ನನ್ನನ್ನು ಬಾಯಿಗೆ ಹಿಡಿದ.

“ಮ್ಜಿಯಾ, ಜನಕ್ಕೆ ಐದು ಅಂತ ಹೇಳ್ಕೊಟ್ಟಿದ್ದು ನಾನೇ ಕಣೇ.”

ಕಾವಲಿನವರು ಬಂದರು, ಅವನನ್ನು ತಳ್ಳಿದರು, ನನ್ನನ್ನು ಕಿತ್ತುಕೊಂಡರು.

ಈಗ ಠಾಣೆಯ ಕಪಾಟಿನಲ್ಲಿದ್ದೇನೆ. ಸೆಲ್ಲು ಸೋರಿ ಹೊಟ್ಟೆ ಹಸಿರಾಗಿದೆ. ಹೇಳಿದ್ದನ್ನು ದೊಡ್ಡದು ಮಾಡುವುದಷ್ಟೇ ನನ್ನ ಕೆಲಸ, ಮಾಡಿದೆ. ಅವನ ಆ ಕೊನೆಯ ಮಾತನ್ನೂ ದೊಡ್ಡದು ಮಾಡಿಯೇ ಕೂಗಿದೆ. ಅವಳಿಗೆ ಕೇಳಿಸಿತೋ ಇಲ್ಲವೋ, ನನಗೆ ತಿಳಿಸುವವರು ಯಾರೂ ಇಲ್ಲ.