ಕೂಸಿಗೆಂದು ಹೊಲಿದ ಕುಲಾವಿ

ಸುಳ್ಳು ಎಂದರೆ ಡಾರ್ಕಸ್‌ಗೆ ಮೈಯೆಲ್ಲ ಉರಿಯುತ್ತಿತ್ತು. ಹದಿನೆಂಟನೇ ಶತಮಾನದ ಲಂಡನ್ನಿನ ಚೀಪ್‌ಸೈಡ್ ಬೀದಿಯ ಹಿಂದಿನ ಓಣಿಯಲ್ಲಿ ಮೇಣದಬತ್ತಿ ಮಾಡಿ ಮಾರುವ ಜೇಬೆಜ್‌ನ ಹೆಂಡತಿ ಅವಳು. ಜಗ್ಗು ಒಡೆದು ತಪ್ಪನ್ನು ಬೆಕ್ಕಿನ ಮೇಲೆ ಹಾಕಿದ್ದಕ್ಕೆ ಕೆಲಸದ ಹುಡುಗಿ ಕೆಜಾಯಾಳನ್ನು ಇಡೀ ದಿನ ಉಪವಾಸ ಕೆಡವಿದ್ದಳು. ಅಂಥ ಮನೆಯಲ್ಲಿ ಆ ಹುಡುಗಿ ಬಸುರಿಯಾಗಿ, ಯಾರಿಗೂ ಬಾಯಿ ಬಿಡದೆ ತಿಂಗಳುಗಟ್ಟಲೆ ನೀರು ಹೊತ್ತದ್ದರಲ್ಲಿ ಆಶ್ಚರ್ಯವೇನಿದೆ?

ಅಟ್ಟದ ಪೆಟ್ಟಿಗೆಯಲ್ಲಿ ಸತ್ತ ಕೂಸು ಕಂಡಾಗ ಕೂಗಿ ಬೀದಿ ಸೇರಿಸಿದವಳೂ ಡಾರ್ಕಸ್ಸೇ. ಹುಡುಗಿಯನ್ನು ನ್ಯೂಗೇಟ್ ಜೈಲಿಗೆ ಎಳೆದೊಯ್ದರು. ಮುಂದಿನದನ್ನು ಪಕ್ಕದ ಮನೆಯ ಸೂಲಗಿತ್ತಿ ಬಂದು ಬಿಡಿಸಿ ಹೇಳಿದಳು.

"ಸತ್ತೇ ಹುಟ್ತು ಅಂತ ಅವ್ಳು ಬಡ್ಕೋತಿದ್ದಾಳೆ. ಇರ್ಬೋದು. ಆದ್ರೆ ಮದ್ವೆ ಆಗ್ದೋಳು, ಗುಟ್ಟಾಗಿ ಹೆತ್ತೋಳು, ನೋಡಿದೋರು ಯಾರೂ ಇಲ್ಲ. ಕಾನೂನಿನ ಪ್ರಕಾರ ಅದು ಕೊಲೆನೇ ಕಣ್ರೀ. ನೇಣು ಹಾಕ್ತಾರೆ."

"ಬೇರೆ ದಾರಿನೇ ಇಲ್ವಾ?"

"ಒಂದಿದೆ. ಕೂಸಿಗೆ ಅಂತ ಏನಾದ್ರೂ ಹೊಲಿದಿಟ್ಟಿದ್ಲಾ ನೋಡಿ. ಒಂದು ಕುಲಾವಿ ಸಿಕ್ರೂ ಸಾಕು. ಸಾಯ್ಸೋಳು ಬಟ್ಟೆ ಯಾಕೆ ಹೊಲೀತಾಳೆ ಅಂತ ಜೂರಿಗಳು ಬಿಟ್ಬಿಡ್ತಾರೆ. ಹಾಗೆ ತಲೆ ಉಳಿಸ್ಕೊಂಡೋರು ಎಷ್ಟೋ ಜನ."

ಡಾರ್ಕಸ್ ಅಟ್ಟವನ್ನೆಲ್ಲ ಜಾಲಾಡಿದಳು. ಹಾಸಿಗೆಯ ಹುಲ್ಲನ್ನೂ ಬಿಡಲಿಲ್ಲ. ಒಂದು ದಾರದ ತುಣುಕೂ ಸಿಗಲಿಲ್ಲ. ಕೊನೆಗೆ ರೊಟ್ಟಿಯ ಗಂಟು ಕಟ್ಟಿಕೊಂಡು ಜೈಲಿಗೇ ಹೋದಳು.

"ಏನಾದ್ರೂ ಹೊಲಿದಿದ್ಯೇನೇ? ಒಂದು ಚಿಂದಿನಾದ್ರೂ?"

"ಇಲ್ಲ ಅಮ್ಮಾವ್ರೇ. ಸೂಜಿ ಹಿಡಿದ್ರೆ ಎಲ್ಲಾ ನಿಜ ಆಗ್ಬಿಡುತ್ತೆ ಅನ್ನಿಸ್ತಿತ್ತು. ಹೊಲೀದೇ ಇದ್ರೆ ಏನೂ ಆಗಿಲ್ಲ ಅಂತ ಇರ್ಬೋದಿತ್ತು."

"ಹೊಲಿದಿದ್ದೆ, ಕಳೆದೋಯ್ತು ಅಂತ ಹೇಳೇ."

ಕೆಜಾಯಾ ರೊಟ್ಟಿಯನ್ನೇ ನೋಡಿದಳು. "ಸುಳ್ಳು ಹೇಳೋ ಬಾಯಿಗೆ ಊಟ ಇಲ್ಲ ಅಂದೋರು ನೀವೇ ಅಲ್ವಾ?"

ಡಾರ್ಕಸ್‌ಗೆ ಕಪಾಳಕ್ಕೆ ಹೊಡೆದಂತಾಯಿತು. ತಾನು ಕಲಿಸಿದ ಪಾಠಕ್ಕೆ ಈ ಹುಡುಗಿ ಕತ್ತು ಕೊಡಲು ಹೊರಟಿದ್ದಳು.

ಮನೆಗೆ ಬಂದವಳು ತನ್ನ ಮದುವೆಯ ಪೆಟ್ಟಿಗೆ ತೆರೆದಳು. ತಳದಲ್ಲಿ, ಲ್ಯಾವೆಂಡರ್ ಹೂವಿನ ಪುಡಿಯ ನಡುವೆ, ಒಂದು ಪುಟ್ಟ ಲಿನನ್ ಕುಲಾವಿ ಇತ್ತು. ಬಹಳ ವರ್ಷಗಳ ಹಿಂದೆ, ಅವರಿನ್ನೂ ಕೆಂಟ್‌ನ ಹಳ್ಳಿಯಲ್ಲಿದ್ದಾಗ, ಅವಳಿಗೊಂದು ಹೆಣ್ಣು ಮಗು ಹುಟ್ಟಿ ಒಂದು ಚಳಿಗಾಲ ಬದುಕಿ ಹೋಗಿತ್ತು. ಲಂಡನ್ನಿಗೆ ಬಂದ ಮೇಲೆ ಗಂಡ ಹೆಂಡತಿ ಆ ಮಾತೆತ್ತಿರಲಿಲ್ಲ. ಇಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ.

ವಿಚಾರಣೆಯ ದಿನ ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ಜೈಲು ಜ್ವರ ಹರಡದಿರಲೆಂದು ಚೆಲ್ಲಿದ್ದ ಗಿಡಮೂಲಿಕೆಯ ಘಾಟು ಮೂಗಿಗೆ ಹೊಡೆಯುತ್ತಿತ್ತು. ಕಟಕಟೆಯಲ್ಲಿ ನಿಂತ ಕೆಜಾಯಾ ನೆಲ ನೋಡುತ್ತಿದ್ದಳು. ಡಾರ್ಕಸ್ ಬೈಬಲ್ಲಿಗೆ ಮುತ್ತಿಟ್ಟು ಪ್ರಮಾಣ ಮಾಡಿದಳು. ಕುಲಾವಿ ತೆಗೆದು ಮುಂದಿಟ್ಟಳು.

"ಇದು ಅವ್ಳ ಅಟ್ಟದಲ್ಲಿ ಸಿಕ್ತು, ಮಹಾಸ್ವಾಮಿ. ಅವ್ಳೇ ಹೊಲಿದಿದ್ದು."

ಕೆಜಾಯಾ ತಲೆಯೆತ್ತಿ ಒಡತಿಯನ್ನು ನೋಡಿದಳು. ಮರುಕ್ಷಣ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ನ್ಯಾಯಾಧೀಶರು ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ. ಕುಲಾವಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. "ಹಳೇದರ ಹಾಗೆ ಕಾಣುತ್ತಲ್ಲಮ್ಮ. ನಿನ್ನ ಮಕ್ಕಳದ್ದೇ ಯಾವುದೋ ಇರಬಹುದಲ್ಲವೇ?"

ಈ ಪ್ರಶ್ನೆಯನ್ನು ಡಾರ್ಕಸ್ ನಿರೀಕ್ಷಿಸಿರಲಿಲ್ಲ. ಮೇಲಿನ ಸಾಲಿನಲ್ಲಿ ಕೂತಿದ್ದ ಗಂಡನತ್ತ ಕಣ್ಣು ಹೋಯಿತು. ಜೇಬೆಜ್ ಕುಲಾವಿಯನ್ನು ಗುರುತು ಹಿಡಿದಿದ್ದ. ಅವನ ಟೋಪಿ ಕೈಯಲ್ಲಿ ಮುದ್ದೆಯಾಗಿತ್ತು.

"ನನಗೆ ಮಕ್ಕಳೇ ಆಗಿಲ್ಲ, ಮಹಾಸ್ವಾಮಿ."

ಅಷ್ಟು ಹೇಳುವಷ್ಟರಲ್ಲಿ ಎದೆಯೊಳಗೆ ಏನೋ ಕಿತ್ತು ಬಂದಂತಾಯಿತು. ಸುಳ್ಳು ಹೇಳಿದ್ದಕ್ಕಲ್ಲ. ನರಕಕ್ಕೆ ಹೋದರೆ ಹೋದೆ ಎಂದು ಮೊದಲೇ ಗಟ್ಟಿ ಮಾಡಿಕೊಂಡು ಬಂದಿದ್ದಳು. ಮಗುವನ್ನು ಇನ್ನೊಂದು ಸಲ ಹೂಳಬೇಕಾಗುತ್ತದೆಂದು ಮಾತ್ರ ಅವಳಿಗೆ ತಿಳಿದಿರಲಿಲ್ಲ.

ಜೂರಿಯ ಮುಖ್ಯಸ್ಥ ಬಟ್ಟೆ ವ್ಯಾಪಾರಿ. ಕುಲಾವಿ ಈಸಿಕೊಂಡು ಕಿಟಕಿಯ ಬೆಳಕಿಗೆ ಹಿಡಿದ. ಮಡಿಕೆಗಳ ಗುಂಟ ಲಿನನ್ ಹಳದಿಯಾಗಿದ್ದುದು ಕುರುಡನಿಗೂ ಕಾಣುವಂತಿತ್ತು. ಅವನು ಡಾರ್ಕಸ್‌ಳ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಹಳೆಯ ಮಡಿಕೆಯ ಮೇಲೇ ಜೋಪಾನವಾಗಿ ಮಡಚಿದ.

"ಹೊಸ ಬಟ್ಟೇನೇ, ಮಹಾಸ್ವಾಮಿ," ಎಂದ.

ಹನ್ನೆರಡು ಜನ ಕೂತಲ್ಲೇ ತಲೆ ಸೇರಿಸಿ ಗುಸುಗುಟ್ಟಿದರು. ಎದ್ದು ನಿಂತಾಗ ಮುಖ್ಯಸ್ಥ ನಿರಪರಾಧಿ ಎಂದ.

ಹೊರಗೆ ಬೀದಿಯಲ್ಲಿ ಗಾಡಿಗಳ ಗದ್ದಲ. ಕೆಜಾಯಾ ಮೆಲ್ಲಗೆ ಬಂದು, ಕೋರ್ಟಿನವರು ಅವಳಿಗೇ ಕೊಟ್ಟಿದ್ದ ಕುಲಾವಿಯನ್ನು ಚಾಚಿದಳು.

"ನಾನು ಹೊಲಿದಿದ್ದಲ್ಲ ಇದು. ಯಾರ್ದು ಅಮ್ಮಾವ್ರೇ?"

ಡಾರ್ಕಸ್ ಅದನ್ನು ಈಸಿಕೊಂಡು ಎದೆಗೊತ್ತಿಕೊಂಡಳು. ಜೇಬೆಜ್ ಅವಳ ತೋಳು ಹಿಡಿದ.

"ಹೇಳೇ. ಇಲ್ಲಿ ಯಾರೂ ಪ್ರಮಾಣ ಮಾಡಿಸ್ತಿಲ್ಲ."

ಆಗ ಬಾಗಿಲಿನಿಂದ ಜೂರಿಯ ಮುಖ್ಯಸ್ಥ ಇಳಿದು ಬರುತ್ತಿದ್ದ. ಡಾರ್ಕಸ್ ಅವನನ್ನು ನೋಡಿದಳು. ದನಿ ತಗ್ಗಿಸಲಿಲ್ಲ.

"ತಮ್ಸಿನ್‌ದು," ಎಂದಳು. "ನಂಗೊಬ್ಳು ಮಗಳಿದ್ಲು ಕಣೇ."